ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಖುಲ್ಲಾ: ಅಂಗಡಿ ಸರ್ವರ್‌ಗೆ ಲಾಗಿನ್ ಯಾಕೆ ಬೇಕು?

ಭಾಗ್ಯನಗರ: ಕೂದಲು ಉದ್ಯಮ, ನೇಕಾರಿಕೆಗೆ ಹೆಸರಾದ ಊರು ನಮ್ಮದು. ಇಂಥ ಕಡೆ ಸ್ಟಾಕ್, ಕೂಲಿ ಲೆಕ್ಕ, ಸಿಸಿಟಿವಿ ಎಲ್ಲವನ್ನೂ ಸ್ವಂತ ಸರ್ವರ್‌ನಲ್ಲಿ ಇಟ್ಟುಕೊಂಡು, ಪರಊರಿಗೆ ಹೋದಾಗ ಮೊಬೈಲ್‌ನಲ್ಲಿ ನೋಡುವುದು ಈಗ ಕಷ್ಟವೇನಲ್ಲ. ಕ್ಲೌಡ್‌ನ ತಿಂಗಳ ಬಾಡಿಗೆ ಉಳಿಯುತ್ತೆ. ಆದರೆ ಆ ಸರ್ವರ್‌ನ ಬಾಗಿಲು ಕಾಯೋರು ಯಾರು?

ಹೊರಗಿನಿಂದ ಬಂದವರನ್ನು ಎದುರುಗೊಂಡು ಒಳಗಿನ ಸರಿಯಾದ ಕೋಣೆಗೆ ಕಳಿಸುವ ಪ್ರೋಗ್ರಾಂಗೆ ರಿವರ್ಸ್ ಪ್ರಾಕ್ಸಿ ಅಂತಾರೆ. ಎಂಜಿನ್‌ಎಕ್ಸ್, ಕ್ಯಾಡಿ ಇಂಥವು. 'ನೀನ್ಯಾರು' ಅಂತ ಅದು ತಾನಾಗಿ ಕೇಳುವುದಿಲ್ಲ, ಕೇಳು ಅಂತ ನಾವೇ ಹೇಳಬೇಕು. ಬ್ರೌಸರ್‌ನಲ್ಲಿ ಕಾಣುವ ಬೀಗದ ಗುರುತು ದಾರಿಯಲ್ಲಿ ಯಾರೂ ಕದ್ದು ಓದದಂತೆ ತಡೆಯುತ್ತದೆ ಅಷ್ಟೇ, ಒಳಗೆ ಬರುವವರನ್ನು ತಡೆಯುವುದಿಲ್ಲ.

'ನಮ್ಮ ಅಡ್ರೆಸ್ ಯಾರಿಗೆ ಗೊತ್ತೈತ್ರಿ?' ಅನ್ನಬಹುದು. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಪ್ರಮಾಣಪತ್ರ ಪಡೆದರೆ ಅದರಲ್ಲಿರುವ ವೆಬ್ ವಿಳಾಸ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಅದನ್ನೇ ನೋಡುತ್ತಾ ಕೂತ ಪ್ರೋಗ್ರಾಂಗಳಿವೆ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ ದುಡ್ಡು ಕೇಳಿದ್ದು ಹೀಗೆ ಹುಡುಕಾಡುವವರೇ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಂಗೆ ಬಂದವು. ಮಾನ ಹೋಗಿದ್ದು ಅಲ್ಲಿಗೆ ಬಂದ ಹೆಣ್ಣುಮಕ್ಕಳದು.

ಹಾಗಾದರೆ ಏನು ಮಾಡಬೇಕು? ಪ್ರಾಕ್ಸಿಯಲ್ಲೇ ಹೆಸರು, ಪಾಸ್‌ವರ್ಡ್ ಕೇಳುವ 'ಬೇಸಿಕ್ ಆಥ್' ಹಾಕುವುದು ಮೊದಲ ಹೆಜ್ಜೆ, ಖರ್ಚಿಲ್ಲ. ಮೂರ್ನಾಲ್ಕು ಸೇವೆಗಳಿದ್ದರೆ ಆಥೀಲಿಯಾ ಅಥವಾ ಆಥೆಂಟಿಕ್ ಒಳ್ಳೆಯದು. ಎಲ್ಲದಕ್ಕೂ ಒಂದೇ ಲಾಗಿನ್, ಜೊತೆಗೆ ಮೊಬೈಲ್‌ನಲ್ಲಿ ಬರುವ ಆರಂಕಿಯ ಕೋಡ್. ಕೆಲಸ ಬಿಟ್ಟು ಹೋದವರ ಖಾತೆ ಒಂದೇ ಕಡೆ ಮುಚ್ಚಬಹುದು. ಕ್ಯಾಮೆರಾ ಮಾತ್ರ ವೆಬ್‌ಗೆ ತೆರೆಯಲೇಬೇಡಿ, ವಿಪಿಎನ್ ಮೂಲಕ ನೋಡಿ.

ಎಲ್ಲರೂ ಮರೆಯುವುದು ಹಿತ್ತಲ ಬಾಗಿಲನ್ನು. ಪ್ರಾಕ್ಸಿಗೆ ಲಾಗಿನ್ ಹಾಕಿ, ಒಳಗಿನ ಸೇವೆಯ ಪೋರ್ಟ್ ಅನ್ನು ರೂಟರ್‌ನಲ್ಲಿ ಹಾಗೇ ಬಿಟ್ಟರೆ ಬಂದವರು ಲಾಗಿನ್ ಬಿಟ್ಟು ನೇರ ಒಳಗೆ ಹೋಗುತ್ತಾರೆ. ಪ್ರಾಕ್ಸಿಯ ಪೋರ್ಟ್ ಬಿಟ್ಟು ಉಳಿದದ್ದೆಲ್ಲ ಮುಚ್ಚಿರಬೇಕು.

ಕಾನೂನೂ ಹತ್ತಿರ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ತಕ್ಕ ಭದ್ರತೆ ಇಡದೆ ಮಾಹಿತಿ ಸೋರಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ಅಂಗಡಿಗೆ ಅಷ್ಟು ಬೀಳಲಿಕ್ಕಿಲ್ಲ, ಆದರೆ ಕೂಲಿಕಾರರ ಆಧಾರ್, ಬ್ಯಾಂಕ್ ಖಾತೆ ನಂಬರ್ ಸೋರಿದರೆ ನಷ್ಟ ಮೊದಲು ಅವರಿಗೇ.

ಇವತ್ತೇ ಒಂದು ಪರೀಕ್ಷೆ ಮಾಡಿ. ಮೊಬೈಲ್‌ನ ವೈಫೈ ಆರಿಸಿ, ಡೇಟಾದಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ನಿಮ್ಮ ಸರ್ವರ್ ವಿಳಾಸ ಹಾಕಿ. ಏನೂ ಕೇಳದೆ ಲೆಕ್ಕಪತ್ರ ಕಂಡರೆ, ಅದು ಊರಿಗೆಲ್ಲ ಕಾಣ್ತೈತಿ ಅಂತ ತಿಳೀರಿ.