ಒಗಟು ಕಟ್ಟುವವರ ಹೊಣೆ

ನಮ್ಮ ಶಾಲೆಗಳಲ್ಲಿ ಲೆಕ್ಕ ಕೊಡುವವರು ಮೇಷ್ಟ್ರು, ಬಿಡಿಸುವವರು ಮಕ್ಕಳು. ಒಗಟಿನ ಪುಸ್ತಕಗಳಲ್ಲೂ ಪ್ರಶ್ನೆಯನ್ನು ಯಾರೋ ಕಟ್ಟಿಟ್ಟಿರುತ್ತಾರೆ, ಓದುವವರಿಗೆ ಉಳಿದದ್ದು ತಲೆ ಕೆರೆದುಕೊಳ್ಳುವ ಕೆಲಸ ಮಾತ್ರ. ಈ ಪಾಲು ತಿರುವುಮುರುವಾಗಬೇಕು ಎಂಬುದು ನನ್ನ ವಾದ. ಬಿಡಿಸುವವನಿಗೆ ಒಂದು ಉತ್ತರ ಹೊಳೆದರೆ ಸಾಕು. ಕಟ್ಟುವವನು ಬೇರೆ ಯಾವ ಯಾವ ಉತ್ತರ ಬರಬಹುದು ಎಂದು ಮೊದಲೇ ಊಹಿಸಬೇಕು, ಒಂದೊಂದಾಗಿ ಬಾಗಿಲು ಹಾಕಬೇಕು. ವಿಚಾರ ಮಾಡುವುದನ್ನು ಕಲಿಸುವ ಕೆಲಸ ಇದು.

ಶಿಡ್ಲಘಟ್ಟದ ಒಬ್ಬ ಹುಡುಗ ರೇಷ್ಮೆಗೂಡಿನ ಮೇಲೆ ಒಗಟು ಕಟ್ಟಲು ಕೂತ ಎಂದುಕೊಳ್ಳಿ. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು ಆ ಊರಿನಲ್ಲಿದೆ. ವಸ್ತು ಅವನಿಗೆ ಅಂಗೈ ನೆಲ್ಲಿ. ಮೊದಲು ಬರೆಯುತ್ತಾನೆ: ‘ಬಾಗಿಲಿಲ್ಲದ ಬಿಳಿ ಮನೆ, ಒಳಗೊಬ್ಬ ಒಡೆಯ.’ ಕೇಳಿದವರೆಲ್ಲ ಮೊಟ್ಟೆ ಅನ್ನುತ್ತಾರೆ, ಅವರದು ತಪ್ಪಲ್ಲ. ಪಕ್ಕದಲ್ಲಿ ಕೂತವಳು ಇನ್ನೊಂದು ತಕರಾರು ತೆಗೆಯುತ್ತಾಳೆ: ‘ನಮ್ಮ ಮನೆ ಗೂಡು ಹಳದಿ.’ ಅದೂ ನಿಜವೇ. ದ್ವಿತಳಿ ಗೂಡು ಬೆಳ್ಳಗಿರುತ್ತದೆ, ಮಿಶ್ರತಳಿಯದು ಹಳದಿ ತಿರುಗಿರುತ್ತದೆ. ಬಣ್ಣ ಬಿಟ್ಟು ಎರಡನೆಯ ಸಲ: ‘ಬಾಗಿಲಿಲ್ಲದ ಮನೆ, ಒಡೆಯ ಹೊರಬಂದರೆ ಮನೆಗೆ ಬೆಲೆಯಿಲ್ಲ.’ ಪತಂಗ ತೂತು ಕೊರೆದು ಆಚೆ ಬಂದ ಗೂಡಿನಿಂದ ನೂಲು ಬಿಚ್ಚಲಾಗದು ಎಂದು ಅವನಿಗೆ ಮನೆಯಲ್ಲೇ ಗೊತ್ತು. ಆದರೆ ಮರಿ ಹೊರಬಂದ ಮೇಲೆ ಮೊಟ್ಟೆಯ ಚಿಪ್ಪಿಗೂ ಬೆಲೆ ಇಲ್ಲ! ಮೊಟ್ಟೆ ಇನ್ನೂ ಬೆನ್ನು ಬಿಟ್ಟಿಲ್ಲ. ಮೂರನೆಯ ಸಲ: ‘ಬಾಗಿಲಿಲ್ಲದ ಮನೆ, ಕಟ್ಟಿದವನು ಒಳಗೇ ಉಳಿದ, ಹೊರಬಂದರೆ ಮನೆಗೆ ಬೆಲೆಯಿಲ್ಲ.’ ಕೋಳಿಮರಿ ತನ್ನ ಚಿಪ್ಪನ್ನು ತಾನು ಕಟ್ಟಿಕೊಳ್ಳುವುದಿಲ್ಲ. ಮೊಟ್ಟೆ ಬಿದ್ದುಹೋಯಿತು.

ಇಷ್ಟರಲ್ಲಿ ಆ ಹುಡುಗ ರೇಷ್ಮೆಗೂಡನ್ನು ಮೊಟ್ಟೆಯ ಪಕ್ಕದಲ್ಲಿಟ್ಟು ನೋಡಿದ್ದಾನೆ. ಯಾವ ಗುಣ ಎರಡಕ್ಕೂ ಇದೆ, ಯಾವುದು ಒಂದಕ್ಕೆ ಮಾತ್ರ ಇದೆ, ಯಾವುದು ತನ್ನ ಮನೆಗಷ್ಟೇ ನಿಜ ಎಂದು ವಿಂಗಡಿಸಿದ್ದಾನೆ. ವಿಜ್ಞಾನದ ಪಾಠದಲ್ಲಿ ‘ಲಕ್ಷಣಗಳನ್ನು ಪಟ್ಟಿ ಮಾಡಿ’ ಎಂದು ಕೇಳಿದ್ದರೆ ಇದರ ಅರ್ಧ ಕೆಲಸವೂ ಆಗುತ್ತಿರಲಿಲ್ಲ.

ಎರಡನೆಯ ಸುಳಿವು ಯಾಕೆ ಬೇಕು ಎಂಬುದಕ್ಕೆ ಗೌರಿಬಿದನೂರಿನ ಹೊಲಗಳಲ್ಲೇ ಒಂದು ಸಾಕ್ಷಿ ಇದೆ. ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸುತ್ತಿರುವ ಭೂಕಂಪ ಮಾಪಕಗಳ ಸಾಲು ಅಲ್ಲಿ 1965ರಿಂದ ಇದೆ. ಭೂಕಂಪವಾಗಲಿ, ದೂರದ ದೇಶದಲ್ಲಿ ನೆಲದಡಿ ಸಿಡಿಸಿದ ಅಣುಬಾಂಬಾಗಲಿ, ಅದರ ಅಲೆಯನ್ನು ಹಿಡಿದು ಮೂಲ ಯಾವ ದಿಕ್ಕಿನದೆಂದು ಅದು ಲೆಕ್ಕ ಹಾಕುತ್ತದೆ. ಮಾಪಕಗಳನ್ನು ಹೂಳಿರುವುದು ಒಂದೇ ಗೆರೆಯಲ್ಲಲ್ಲ, ‘ಎಲ್’ ಅಕ್ಷರದ ಹಾಗೆ ಎರಡು ತೋಳುಗಳಲ್ಲಿ. ಒಂದೇ ನೇರ ಸಾಲಿದ್ದರೆ ಎಡಗಡೆಯಿಂದ ಬಂದ ಅಲೆಗೂ ಅಷ್ಟೇ ಓರೆಯಾಗಿ ಬಲಗಡೆಯಿಂದ ಬಂದ ಅಲೆಗೂ ಮಾಪಕಗಳು ಒಂದೇ ಹೊತ್ತು ತೋರಿಸುತ್ತವೆ. ಮೊದಲ ತೋಳು ಎರಡು ಉತ್ತರ ಕೊಡುತ್ತದೆ, ಎರಡನೆಯದು ಅವುಗಳಲ್ಲೊಂದನ್ನು ಹೊಡೆದುಹಾಕುತ್ತದೆ. ‘ಕಟ್ಟಿದವನು ಒಳಗೇ ಉಳಿದ’ ಎಂಬ ಸಾಲು ಮಾಡಿದ್ದೂ ಇದನ್ನೇ.

ಸುಡೊಕು ಕಟ್ಟುವವರಿಗೆ ಈ ಕಷ್ಟ ಗೊತ್ತು. ಹದಿನಾರು ಅಂಕಿಯಷ್ಟೇ ಕೊಟ್ಟು ಒಂದೇ ಉತ್ತರವಿರುವ ಸುಡೊಕು ಕಟ್ಟಲಾಗದು, ಕನಿಷ್ಠ ಹದಿನೇಳಾದರೂ ಬೇಕು ಎಂದು 2012ರಲ್ಲಿ ಡಬ್ಲಿನ್ನಿನ ಗಣಿತಜ್ಞರು ಕಂಪ್ಯೂಟರಿನಿಂದ ತೋರಿಸಿಕೊಟ್ಟರು. ಸುಡೊಕು ಬಿಡಿಸಲು ನಿಮಿಷಗಳು ಸಾಕು. ಕಟ್ಟುವವರ ಪ್ರಶ್ನೆಗೆ ಉತ್ತರ ಸಿಗಲು ಯಂತ್ರಕ್ಕೆ ತಿಂಗಳುಗಟ್ಟಲೆ ಹಿಡಿಯಿತು.

ಕಟ್ಟುವುದರ ಇನ್ನೊಂದು ಬೆಡಗು ಹಿಂದಿನಿಂದ ಮುಂದಕ್ಕೆ ನಡೆಯುವುದು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಗುಣಾಕಾರದ ಲೆಕ್ಕಗಳಲ್ಲಿ ಒಂದು 152207ನ್ನು 73ರಿಂದ ಗುಣಿಸುವುದು. ಗುಣಿಸುವವನಿಗೆ ಬರೀ ದುಡಿಮೆ, ಕೊನೆಗೆ ಎದುರಾಗುವುದು 11111111, ಎಂಟು ಒಂದುಗಳ ಹಾರ. ಈ ಎರಡು ಸಂಖ್ಯೆಗಳು ಅಕಸ್ಮಾತ್ತಾಗಿ ಕೈಗೆ ಸಿಗುವಂಥವಲ್ಲ. ಆಚಾರ್ಯ ಮೊದಲು ಹಾರವನ್ನೇ ಮುಂದಿಟ್ಟುಕೊಂಡು ಅದನ್ನು ಒಡೆದಿರಬೇಕು: 11, 73, 101, 137. ಇವುಗಳಲ್ಲಿ 73ನ್ನು ಬೇರೆ ತೆಗೆದು ಉಳಿದ ಮೂರನ್ನು ಒಂದಕ್ಕೊಂದು ಗುಣಿಸಿದರೆ 152207. ಶಿಷ್ಯ ಗುಣಾಕಾರ ಕಲಿತ, ಗುರುವಿಗೆ ಸಂಖ್ಯೆಯ ಒಳಗಿನ ಕಟ್ಟೇ ಕಂಡಿತ್ತು. ಆ ನೋಟ ಶಿಷ್ಯನಿಗೂ ಸಿಗಲಿ ಎಂದರೆ ತಪ್ಪೇನು?

ಜನಪದ ಒಗಟುಗಳಿಗೆ ಈ ಕಟ್ಟುನಿಟ್ಟು ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಕೇಳುವುದು ಸರಿ. ಹಳ್ಳಿಯ ಒಗಟನ್ನು ಜನ ಬಿಡಿಸುತ್ತಿದ್ದುದಕ್ಕಿಂತ ನೆನಪಿಟ್ಟುಕೊಳ್ಳುತ್ತಿದ್ದುದೇ ಹೆಚ್ಚು. ಕನಕದಾಸರ ಮುಂಡಿಗೆಗಳಂತೂ ಒಳಗಿನವರಿಗೆ ಮಾತ್ರ ತೆರೆದುಕೊಳ್ಳಲೆಂದೇ ಕಟ್ಟಿದವು. ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಬೀಸುವ ಕಲ್ಲು, ಒನಕೆಗಳ ಒಗಟು ಇವತ್ತಿನ ಮಗುವಿಗೆ ಬಿಡಿಸುವ ಒಗಟಾಗಿ ಉಳಿದಿಲ್ಲ, ಬಾಯಿಪಾಠವಾಗಿದೆ. ಅದರ ಕಣ್ಣೆದುರಿಗಿರುವುದು ಹನಿ ನೀರಾವರಿಯ ಪೈಪು, ಬತ್ತಿದ ಕೊಳವೆಬಾವಿ, ಚಿಂತಾಮಣಿಯ ಟೊಮೆಟೊ ಕ್ರೇಟು. ಇವುಗಳ ಮೇಲೆ ಒಗಟು ಯಾರು ಕಟ್ಟಬೇಕು?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ನನಗೆ ಇಲ್ಲಿ ನೆನಪಾಗುವುದು ಸಹಜ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಅವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪವಾಡವೂ ಒಂದು ಒಗಟೇ, ಆದರೆ ಸುಳಿವನ್ನು ಮುಚ್ಚಿಟ್ಟ ಒಗಟು. ಅದರಲ್ಲಿ ಕೇಳುವವನು ಸೋತು ಕೈಮುಗಿಯಬೇಕು. ಒಳ್ಳೆಯ ಒಗಟಿನಲ್ಲಿ ಬೇಕಾದದ್ದೆಲ್ಲ ಮೇಜಿನ ಮೇಲೇ ಇರುತ್ತದೆ. ಉತ್ತರ ಸರಿಯೆಂದು ತಿಳಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಇಂಥ ಒಗಟನ್ನು ತಾನೇ ಕಟ್ಟಿದ ಮಗುವಿಗೆ ಸುಳಿವು ಬಚ್ಚಿಟ್ಟವರ ಆಟ ಬೇಗ ಗೊತ್ತಾಗುತ್ತದೆ ಎಂದು ನಾನು ನಂಬುತ್ತೇನೆ.

ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿಗಳ ಈ ಸೀಮೆಗೆ ಇನ್ನೊಂದು ಅನುಕೂಲವಿದೆ. ಇಲ್ಲಿನ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಕಟ್ಟಿದ ಒಗಟನ್ನು ಮನೆಗೆ ಹೋಗಿ ಅಜ್ಜಿಗೆ ತೆಲುಗಿನಲ್ಲಿ ಹೇಳಿ ನೋಡಲಿ. ಶ್ಲೇಷೆಯ ಮೇಲೆ ನಿಂತದ್ದು ಅಲ್ಲೇ ಕುಸಿಯುತ್ತದೆ, ವಸ್ತುವಿನ ಮೇಲೆ ನಿಂತದ್ದು ದಾಟಿಕೊಳ್ಳುತ್ತದೆ. ಎರಡಕ್ಕೂ ಜಾಗವಿದೆ, ಆದರೆ ತನ್ನದು ಯಾವ ಬಗೆಯದು ಎಂದು ಕಟ್ಟಿದವರಿಗೆ ಗೊತ್ತಿರಬೇಕು.

ತರಗತಿಯಲ್ಲಿ ಇದನ್ನು ಮಾಡುವುದಾದರೆ ಒಂದು ನಿಯಮ ಮಾತ್ರ ಬಿಗಿಯಾಗಿರಲಿ. ಆ ರೇಷ್ಮೆಗೂಡಿನ ಒಗಟಿಗೆ ಯಾರೋ ‘ಗುಟ್ಟು’ ಎಂದು ಉತ್ತರ ಕೊಟ್ಟರು ಅನ್ನಿ. ಗುಟ್ಟಿಗೂ ಬಾಗಿಲಿಲ್ಲ, ಹೊರಬಂದರೆ ಬೆಲೆಯಿಲ್ಲ. ಆಗ ಪುಸ್ತಕದ ಉತ್ತರ ತೋರಿಸಿ ತಪ್ಪು ಹಾಕುವಂತಿಲ್ಲ. ಯಾವ ಸಾಲಿನಲ್ಲಿ ಗುಟ್ಟು ಸೋಲುತ್ತದೆ ಎಂದು ಕಟ್ಟಿದವನು ತೋರಿಸಬೇಕು: ಗುಟ್ಟಿನಿಂದ ಹೊರಬರುವುದು ವಿಷಯ, ಅದನ್ನು ಕಟ್ಟಿದ ಮನುಷ್ಯನಲ್ಲ. ತೋರಿಸಲಾಗದಿದ್ದರೆ ಆ ಉತ್ತರಕ್ಕೂ ಪೂರ್ತಿ ಅಂಕ ಕೊಟ್ಟು, ಒಗಟನ್ನು ಮನೆಗೆ ಒಯ್ದು ತಿದ್ದಿ ತರಬೇಕು.