ಚಂದಾ ಎತ್ತುವ ಮೊದಲು ಹೆಸರು ಬರೆಸೋಣ

ಹೆದ್ದಾರಿಯಲ್ಲಿ ಒಂದು ಮೀನಿನ ಲಾರಿ ಪಲ್ಟಿಯಾಗಿ ಚಾಲಕ ತೀರಿಹೋದರೆ ನಮ್ಮಲ್ಲಿ ಎಂತ ಆಗ್ತದೆ ಎಂದು ಎಲ್ಲರಿಗೂ ಗೊತ್ತುಂಟು. ದಫನ ಮುಗಿಯುವ ಮೊದಲೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬ್ಯಾಂಕ್ ಖಾತೆಯ ನಂಬರ್ ಬರ್ತದೆ. ಜಮಾಅತಿನವರು ಸೇರುತ್ತಾರೆ, ದುಬೈ, ದಮಾಮ್, ದೋಹಾದ ಹುಡುಗರು ಕೈಜೋಡಿಸುತ್ತಾರೆ. ಒಂದು ವಾರದೊಳಗೆ ಆ ಮನೆಗೆ ಒಂದಷ್ಟು ಹಣ ಮುಟ್ಟುತ್ತದೆ. ಇದು ನಮ್ಮವರ ದೊಡ್ಡ ಗುಣ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಗುಂಪಿನಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: "ಅವನ ಹೆಸರು ಕಾರ್ಮಿಕ ಮಂಡಳಿಯಲ್ಲಿ ನೋಂದಣಿ ಆಗಿತ್ತಾ?" ಆಗಿದ್ದರೆ ಆ ಉಮ್ಮನಿಗೋ ಹೆಂಡತಿಗೋ ಯಾರ ಮುಂದೆಯೂ ಕೈಚಾಚದೆ 5 ಲಕ್ಷ ರೂಪಾಯಿ ಬರಬೇಕಿತ್ತು. ಅದು ದಾನವಲ್ಲ, ಹಕ್ಕು. ಹಕ್ಕಿನ ಹಣವನ್ನು ಅಲ್ಲೇ ಬಿಟ್ಟು ನಾವು ಚಂದಾ ಎತ್ತುತ್ತಿದ್ದೇವೆ.

ಕಳೆದ ಕೆಲವು ವರ್ಷಗಳಲ್ಲಿ ರಾಜ್ಯ ಸರಕಾರ ದುಡಿಯುವವರಿಗಾಗಿ ಕೆಲವು ಕಾಯ್ದೆಗಳನ್ನು ತಂದಿದೆ. ಇವು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಪಟ್ಟವು. ಆದರೂ ಗೃಹಲಕ್ಷ್ಮಿಯ 2,000 ರೂಪಾಯಿ ಈ ತಿಂಗಳು ಬಂತಾ ಎಂದು ಕೇಳಿದಷ್ಟು ನಾವು ಈ ಕಾಯ್ದೆಗಳ ಬಗ್ಗೆ ಕೇಳಿಲ್ಲ. ಎರಡಕ್ಕೂ ಒಂದು ವ್ಯತ್ಯಾಸ ಉಂಟು. ಗೃಹಲಕ್ಷ್ಮಿಯಂಥ ಗ್ಯಾರಂಟಿಗಳು ಸರಕಾರದ ಆದೇಶದ ಮೇಲೆ ನಿಂತಿವೆ. ನಾಳೆ ಬರುವ ಸರಕಾರ ಇನ್ನೊಂದು ಆದೇಶದಿಂದ ಅದನ್ನು ನಿಲ್ಲಿಸಬಹುದು. ಕಾಯ್ದೆಯನ್ನು ಹಾಗೆ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಅದಕ್ಕೆ ವಿಧಾನಮಂಡಲಕ್ಕೇ ಹೋಗಬೇಕು. ಕಾಯ್ದೆಯ ಹಿಂದೆ ಒಂದು ಮಂಡಳಿ ಇರುತ್ತದೆ, ಒಂದು ನಿಧಿ ಇರುತ್ತದೆ.

ಬಸ್ಸು, ಲಾರಿ, ಗ್ಯಾರೇಜಿನ ಕಾಯ್ದೆ

ಮೊದಲನೆಯದು, 2024ರ ಕರ್ನಾಟಕ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ. ಹೆಸರು ಉದ್ದ, ವಿಷಯ ಸರಳ. ಖಾಸಗಿ ಬಸ್ಸಿನ ಚಾಲಕ, ಕಂಡಕ್ಟರ್, ಕ್ಲೀನರ್, ರಿಕ್ಷಾ, ಟ್ಯಾಕ್ಸಿ, ಲಾರಿ ಓಡಿಸುವವರು, ಲೋಡಿಂಗ್ ಮಾಡುವವರು, ಬುಕ್ಕಿಂಗ್ ಕ್ಲರ್ಕ್, ಟೈಮ್ ಕೀಪರ್ ಎಲ್ಲರೂ ಇದರೊಳಗೆ ಬರುತ್ತಾರೆ. ಗ್ಯಾರೇಜಿನ ಮೆಕ್ಯಾನಿಕ್, ಟಿಂಕರಿಂಗ್, ವೆಲ್ಡಿಂಗ್, ಪಂಕ್ಚರ್ ಹಾಕುವವರು ಮತ್ತು ವಾಟರ್ ಸರ್ವಿಸಿನ ಹುಡುಗರೂ ಬರುತ್ತಾರೆ. ಈ ಪಟ್ಟಿ ಓದಿದರೆ ನಮ್ಮ ಊರಿನ ಅರ್ಧ ಮನೆಗಳ ಕಥೆ ಓದಿದಂತೆ ಆಗುತ್ತದೆ.

ದಕ್ಷಿಣ ಕನ್ನಡ, ಉಡುಪಿಯಲ್ಲಿ ಊರೂರು ಸುತ್ತುವುದು ಖಾಸಗಿ ಬಸ್ಸುಗಳೇ. ಅವುಗಳಲ್ಲಿ ಒಂದೆರಡು ಬಸ್ಸಿನ ಸಣ್ಣ ಮಾಲಕರು ಬಹಳ. ಇಎಸ್‌ಐ ಸಿಗಬೇಕಾದರೆ ಸಂಸ್ಥೆಯಲ್ಲಿ ಹತ್ತು ಜನ ನೌಕರರಾದರೂ ಇರಬೇಕು, ಸಂಬಳ ತಿಂಗಳಿಗೆ 21,000 ರೂಪಾಯಿಗಿಂತ ಹೆಚ್ಚಿರಬಾರದು. ಎರಡು ಬಸ್ಸಿನ ಮಾಲಕರ ಬಳಿ ಹತ್ತು ಜನ ಎಲ್ಲಿಂದ? ಹಾಗಾಗಿ ಫುಟ್‌ಬೋರ್ಡಿನಲ್ಲಿ ನಿಂತೇ ಆಯುಷ್ಯ ಕಳೆಯುವ ಕಂಡಕ್ಟರಿಗೆ ಇಎಸ್‌ಐಯೂ ಇಲ್ಲ, ಪಿಎಫ್ ಕೂಡ ಇಲ್ಲ. ಈ ಕಾಯ್ದೆ ತುಂಬಿಸಲು ಹೊರಟಿರುವುದು ಇದೇ ಖಾಲಿ ಜಾಗವನ್ನು. ನೋಂದಾಯಿತ ಕಾರ್ಮಿಕ ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 5 ಲಕ್ಷ, ಅಂಗವೈಕಲ್ಯ ಬಂದರೆ ಪರಿಹಾರ, ಮಕ್ಕಳ ಓದಿಗೆ ಸಹಾಯಧನ ಇದರ ಯೋಜನೆಗಳಲ್ಲಿ ಸೇರಿವೆ.

ಹಣ ಎಲ್ಲಿಂದ? ಅಲ್ಲೇ ಇರುವುದು ಸ್ವಾರಸ್ಯ. 2024ರ ಡಿಸೆಂಬರ್‌ನಲ್ಲಿ ವಿಧಾನಮಂಡಲ ವಾಹನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದಿತು. ಹೊಸ ದ್ವಿಚಕ್ರ ವಾಹನದ ನೋಂದಣಿಗೆ 500 ರೂಪಾಯಿ, ಕಾರಿಗೆ 1,000 ರೂಪಾಯಿ ಉಪಕರ. ಅದು ಹೋಗುವುದು ಈ ಸಾರಿಗೆ ಕಾರ್ಮಿಕರ ನಿಧಿಗೆ. ಅಂದರೆ ಗಲ್ಫಿನಿಂದ ಬಂದ ಮಗ ಹೊಸ ಕಾರು ತೆಗೆದಾಗ 1,000 ರೂಪಾಯಿ ಕಟ್ಟಿದ್ದಾನೆ. ಅದೇ ಮನೆಯ ಮಾಮ ಇಪ್ಪತ್ತು ವರ್ಷದಿಂದ ಲಾರಿ ಓಡಿಸುತ್ತಿದ್ದಾರೆ, ಅವರ ಹೆಸರು ಮಂಡಳಿಯಲ್ಲಿ ಇಲ್ಲ. ಕಟ್ಟಿದ್ದು ನಾವು, ಪಡೆಯದೆ ಉಳಿದದ್ದೂ ನಾವೇ.

ನೋಂದಣಿಯ ಭಾರ ಯಾರ ತಲೆಯ ಮೇಲೆ?

ಎರಡನೆಯದು, ಫುಡ್ ಡೆಲಿವರಿ ಮಾಡುವ, ಆ್ಯಪ್ ನೋಡಿಕೊಂಡು ಟ್ಯಾಕ್ಸಿ ಓಡಿಸುವ ಹುಡುಗರದ್ದು. 2023ರಲ್ಲಿ ರಾಜಸ್ಥಾನ ದೇಶದಲ್ಲೇ ಮೊದಲು ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿತು. ನಮ್ಮ ರಾಜ್ಯದ್ದು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂತು, ಆಗಸ್ಟ್‌ನಲ್ಲಿ ವಿಧಾನಮಂಡಲ ಅದನ್ನು ಅಂಗೀಕರಿಸಿತು. ಪ್ರತಿಯೊಂದು ಡೆಲಿವರಿಗೆ, ಪ್ರತಿಯೊಂದು ಟ್ರಿಪ್ಪಿಗೆ ಹುಡುಗನಿಗೆ ಸಿಗುವ ಹಣದ ಶೇ. 1ರಿಂದ 5ರವರೆಗೆ ಕಂಪೆನಿ ಕಲ್ಯಾಣ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಟ್ಟು 14 ದಿನಗಳ ನೋಟಿಸ್ ಕೊಡಬೇಕು. ರಾತ್ರೋರಾತ್ರಿ ಐಡಿ ಬ್ಲಾಕ್ ಆಗಿ ಬೆಳಗ್ಗೆ ಬೈಕಿನ ಕಂತು ಕಟ್ಟಲಿಕ್ಕೆ ಇಲ್ಲದೆ ಕೂತ ಹುಡುಗರನ್ನು ನೋಡಿದವರಿಗೆ ಈ 14 ದಿನಗಳ ಬೆಲೆ ಗೊತ್ತಾಗುತ್ತದೆ.

ಆದರೆ ನಾವು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಬೇರೊಂದು ವಿಷಯ. ಈ ಕಾಯ್ದೆಯಲ್ಲಿ ಕಾರ್ಮಿಕರ ಪಟ್ಟಿಯನ್ನು ಮಂಡಳಿಗೆ ಕೊಡುವ ಹೊಣೆ ಕಂಪೆನಿಯದ್ದು. ಕಾಯ್ದೆ ಜಾರಿಯಾದ 45 ದಿನಗಳೊಳಗೆ ಕಂಪೆನಿ ತಾನು ನೋಂದಾಯಿಸಿಕೊಂಡು, ತನ್ನಲ್ಲಿ ದುಡಿಯುವವರ ವಿವರವನ್ನು ಸಲ್ಲಿಸಬೇಕು. ಹುಡುಗ ಕಚೇರಿ ಕಚೇರಿ ಅಲೆಯಬೇಕಾಗಿಲ್ಲ.

ಬಸ್ಸು, ಲಾರಿಯವರ ಸಂಗತಿ ಹಾಗಲ್ಲ. ಅಲ್ಲಿ ಕಾರ್ಮಿಕನೇ ಕಾಗದ ಹಿಡಿದುಕೊಂಡು ಹೋಗಬೇಕು. ಚಾಲಕನಿಗೆ ಲೈಸೆನ್ಸ್ ಆದರೂ ಉಂಟು. ಬಂದರಿನಲ್ಲಿ ಲೋಡ್ ಎತ್ತುವ ಕಾಕ ತಾನು ಈ ಕೆಲಸದವನು ಎಂದು ಯಾವ ಕಾಗದ ತೋರಿಸಿ ಹೇಳುವುದು? ನಮ್ಮ ಕಸುಬುಗಳೆಲ್ಲ ಬಾಯಿಮಾತಿನ ಮೇಲೆ ನಡೆದವು. ಬೆಳಗ್ಗೆ ಧಕ್ಕೆಗೆ ಹೋದರೆ ಕೆಲಸ, ಸಂಜೆ ಕೈಗೆ ಕಾಸು. ಸಂಬಳದ ಚೀಟಿ ಇಲ್ಲ, ಹಾಜರಿ ಪುಸ್ತಕ ಇಲ್ಲ. ವ್ಯಾಪಾರದಿಂದಲೇ ಹೆಸರು ಪಡೆದ ಸಮುದಾಯ ನಮ್ಮದು. ಮಾತು ಕೊಟ್ಟರೆ ಸಾಕು ಎನ್ನುವುದು ನಮಗೆ ಹೆಮ್ಮೆ. ಆದರೆ ಕಾನೂನಿಗೆ ಮಾತು ಕೇಳಿಸುವುದಿಲ್ಲ, ಕಾಗದ ಮಾತ್ರ ಕಾಣಿಸುತ್ತದೆ.

ಹಾಗಾಗಿ ಸರಕಾರದ ಮುಂದೆ ನಮ್ಮ ಬೇಡಿಕೆ ಸ್ಪಷ್ಟ ಇರಬೇಕು: ಆ್ಯಪ್ ಕಂಪೆನಿಗಳಿಗೆ ಹಾಕಿದ ಹೊಣೆಯನ್ನೇ ಬಸ್ಸು, ಲಾರಿ ಮಾಲಕರಿಗೂ ಹಾಕಲಿ. ವಾಹನದ ಪರ್ಮಿಟ್ ನವೀಕರಣಕ್ಕೋ ಎಫ್‌ಸಿಗೋ ಮಾಲಕರು ಆರ್‌ಟಿಒಗೆ ಹೋಗಲೇಬೇಕು. ಅಲ್ಲೇ ಆ ವಾಹನದಲ್ಲಿ ದುಡಿಯುವವರ ಹೆಸರು ತೆಗೆದುಕೊಂಡು ಮಂಡಳಿಗೆ ಕಳಿಸಿದರೆ ಆಯಿತಲ್ಲ? ತೆರಿಗೆ ವಸೂಲಿಗೆ ಇಲಾಖೆಗಳ ನಡುವೆ ಸಂಪರ್ಕ ಇರುತ್ತದೆ ಎಂದಾದರೆ ಕಾರ್ಮಿಕರ ಹೆಸರಿಗೆ ಯಾಕೆ ಇರಬಾರದು?

ಬೀಡಿ ಕಲಿಸಿದ ಪಾಠ

ಇದು ಹೊಸ ಮಾತಲ್ಲ. ನಮ್ಮ ಉಮ್ಮಂದಿರು ಬೀಡಿ ಕಟ್ಟುತ್ತಿದ್ದ ಕಾಲದಲ್ಲೇ ಈ ಜಗಳ ನಡೆದಿತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಅದು ಹೇಳಿತು. ಉದ್ದಿಮೆದಾರರು ಒಪ್ಪಲಿಲ್ಲ, ಮಂಗಳೂರಿನಿಂದಲೇ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಇನ್ನೊಂದು ಪ್ರಕರಣದಲ್ಲಿ ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕು ಎಂದಿತು. ಇವತ್ತು ಎಷ್ಟೋ ಅಜ್ಜಿಯಂದಿರ ಕೈಗೆ ಸಣ್ಣದೊಂದು ಪಿಎಫ್ ಪಿಂಚಣಿ ಬರುವುದಿದ್ದರೆ ಅದು ಆ ಹೋರಾಟದ ಫಲ.

ಆದರೆ ಅಲ್ಲಿಯೂ ಪುಸ್ತಕ ಇದ್ದವರಿಗೆ ಮಾತ್ರ ಸಿಕ್ಕಿತು. ಪಾಸ್‌ಬುಕ್ ಉಮ್ಮನ ಹೆಸರಿನಲ್ಲಿ, ಎಲೆ ಕತ್ತರಿಸಿ ಬೀಡಿ ಸುತ್ತಿದ್ದು ಮಗಳು ಮತ್ತು ಸೊಸೆ. ಮೂವರು ದುಡಿದರು, ಲೆಕ್ಕದಲ್ಲಿ ಒಬ್ಬರು. ಸೊಸೆಯ ಇಪ್ಪತ್ತು ವರ್ಷದ ದುಡಿಮೆ ಯಾವ ಪುಸ್ತಕದಲ್ಲೂ ಇಲ್ಲ.

ಇನ್ನೊಂದು ಪಾಠವೂ ಉಂಟು. ಬೀಡಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ಸ್ಕಾಲರ್‌ಶಿಪ್‌ಗೆ ಹಣ ಬರುತ್ತಿದ್ದದ್ದು ಬೀಡಿಯ ಮೇಲಿನ ಸೆಸ್‌ನಿಂದ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ತನ್ನದೇ ನಿಧಿ ಇದ್ದ ಕಲ್ಯಾಣ ಕಾರ್ಯ ಬಜೆಟ್ಟಿನ ಮರ್ಜಿಗೆ ಬಿತ್ತು. 1966ರ ಕಾಯ್ದೆಯೂ ಈಗ, 2025ರ ನವೆಂಬರ್ 21ರಂದು ಕೇಂದ್ರ ಜಾರಿಗೆ ತಂದ ಕಾರ್ಮಿಕ ಸಂಹಿತೆಗಳೊಳಗೆ ಕರಗಿದೆ. ನಿಧಿಯ ಮೂಲ ಬತ್ತಿದರೆ ಹಕ್ಕು ಕಾಗದದಲ್ಲಿ ಉಳಿಯುತ್ತದೆ ಅಷ್ಟೆ.

ನಿಧಿ ಇದ್ದೂ ಕಡಿತವಾದದ್ದನ್ನು ಕಟ್ಟಡ ಕಾರ್ಮಿಕರು ಕಂಡಿದ್ದಾರೆ. ಕಟ್ಟಡಗಳ ವೆಚ್ಚದ ಮೇಲೆ ಶೇ. 1ರ ಸೆಸ್‌ನಿಂದ ಆ ಮಂಡಳಿಗೆ ಸಾವಿರಾರು ಕೋಟಿ ಸೇರಿತು. ಆದರೂ 2023ರಲ್ಲಿ ಮಕ್ಕಳ ಶೈಕ್ಷಣಿಕ ಸಹಾಯಧನವನ್ನು ಸರಕಾರ ಬಹಳ ಕಡಿತ ಮಾಡಿತು. ನಕಲಿ ಕಾರ್ಡುಗಳು ಹೆಚ್ಚಿದ್ದು ಒಂದು ಕಾರಣವಾಯಿತು. ಕಾಯ್ದೆ ನಿಧಿಯನ್ನು ಕಾಯುತ್ತದೆ, ಎಷ್ಟು ಕೊಡಬೇಕು ಎಂಬುದನ್ನು ಮಾತ್ರ ಅಧಿಕಾರಿಗಳ ಅಧಿಸೂಚನೆಗೆ ಬಿಡುತ್ತದೆ. ಹಾಗಾಗಿ ಸುಳ್ಳು ಕಾರ್ಡು ಮಾಡಿಸುವವರು ಸರಕಾರಕ್ಕೆ ಮೋಸ ಮಾಡುವುದಲ್ಲ, ಪಕ್ಕದ ಮನೆಯ ಸೆಂಟ್ರಿಂಗ್ ಕೆಲಸದವನ ಮಗಳ ಫೀಸಿಗೆ ಕೈ ಹಾಕುವುದು. ಈ ಮಾತನ್ನು ನಮ್ಮೊಳಗೂ ಹೇಳಿಕೊಳ್ಳಬೇಕು.

ಆಸ್ಪತ್ರೆಯ ಬಾಗಿಲಲ್ಲಿ

ಅಪಘಾತ, ಸಾವು ಅಪರೂಪಕ್ಕೆ. ಆದರೆ ಕಾಯಿಲೆ ಪ್ರತಿ ಮನೆಗೂ ಬರ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ.

ಇಲ್ಲಿ ನಮ್ಮವರು ಎಡವುವುದು ಎರಡು ಕಡೆ. ಒಂದು, ರೆಫರಲ್. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ಪತ್ರ ತೆಗೆದುಕೊಂಡು ಖಾಸಗಿಗೆ ಹೋಗಬೇಕು. ಮಂಗಳೂರಿನಲ್ಲಿ ಹೆಜ್ಜೆಗೊಂದು ದೊಡ್ಡ ಆಸ್ಪತ್ರೆ ಇರುವುದರಿಂದ ನಾವು ವೆನ್ಲಾಕ್‌ಗೆ ಹೋಗದೆ ಸೀದಾ ಖಾಸಗಿಗೆ ಹೋಗಿ ಅಡ್ಮಿಟ್ ಆಗ್ತೇವೆ. ಬಿಲ್ ಬಂದ ಮೇಲೆ ಕಾರ್ಡ್ ತೆಗೆದರೆ ಆಗುವುದಿಲ್ಲ.

ಎರಡು, ಕಾರ್ಡಿನ ಬಣ್ಣ. ವಾರ್ಷಿಕ ಆದಾಯ 1.20 ಲಕ್ಷ ದಾಟಿದರೆ, ಮನೆಯಲ್ಲಿ ಸ್ವಂತ ಬಳಕೆಯ ಕಾರಿದ್ದರೆ ಬಿಪಿಎಲ್ ಇಲ್ಲ. ಮಗ ಗಲ್ಫಿನಲ್ಲಿದ್ದಾಗ ಕಾರ್ಡು ಎಪಿಎಲ್ ಆಯಿತು, ಸರಿ. ಕೆಲಸ ಹೋಗಿ ಮಗ ಊರಿಗೆ ಬಂದು ವರ್ಷಗಳಾದವು, ಕಾರು ಮಾರಿಯಾಯಿತು, ಕಾರ್ಡು ಹಾಗೇ ಉಂಟು. ಗಲ್ಫಿನವರ ಮನೆ ಎಂಬ ಹೆಸರು ಹೋಗುವುದಿಲ್ಲ, ಕೇಳಲಿಕ್ಕೆ ನಾಚಿಕೆಯೂ ಬಿಡುವುದಿಲ್ಲ. ತಿಂಗಳಿಗೆ 10,000 ರೂಪಾಯಿ ದಾಟಿದ ಕುಟುಂಬಕ್ಕೆ ಬಡತನವೇ ಇಲ್ಲ ಎನ್ನುವ ಲೆಕ್ಕ ಹಳೆಯದಾಯಿತು. ಮಂಡಳಿಯಲ್ಲಿ ನೋಂದಾಯಿತ ಕಾರ್ಮಿಕರಿಗೆ ಕಾರ್ಡಿನ ಬಣ್ಣ ನೋಡದೆ ಪೂರ್ಣ ಚಿಕಿತ್ಸೆ ಕೊಡುವಂತಾದರೆ ಈ ಕಾಯ್ದೆಗಳಿಗೆ ನಿಜವಾದ ಜೀವ ಬರುತ್ತದೆ.

ಈಗ ನಾವೇನು ಮಾಡಬೇಕು?

ಸರಕಾರ ಬದಲಾಗುವವರೆಗೆ ಕಾಯುವ ಅಗತ್ಯ ಇಲ್ಲ. ಒಂದು ತಪ್ಪು ಕಲ್ಪನೆ ಮೊದಲು ಹೋಗಬೇಕು: ಇ-ಶ್ರಮ್ ಕಾರ್ಡ್ ಮಾಡಿಸಿದ್ದೇವೆ, ಇನ್ನೇನು ಎಂದು ಹಲವರು ಹೇಳುತ್ತಾರೆ. ಇ-ಶ್ರಮ್ 2021ರಲ್ಲಿ ಕೇಂದ್ರ ಶುರುಮಾಡಿದ ದಾಖಲೆ. ಅದರಿಂದ ರಾಜ್ಯದ ಮಂಡಳಿಗಳಲ್ಲಿ ಹೆಸರು ತಾನಾಗಿ ಸೇರುವುದಿಲ್ಲ. ಸಾರಿಗೆಯವರು, ಗ್ಯಾರೇಜಿನವರು ಸಾರಿಗೆ ಕಾರ್ಮಿಕರ ಮಂಡಳಿಯಲ್ಲಿ, ಕಟ್ಟಡದವರು ಕಟ್ಟಡ ಮಂಡಳಿಯಲ್ಲಿ ಬೇರೆಯೇ ನೋಂದಾಯಿಸಬೇಕು. ಟೈಲರ್, ಹಮಾಲಿಗಳಿಗೆ ಅಸಂಘಟಿತ ಕಾರ್ಮಿಕರ ಮಂಡಳಿಯ ಅಂಬೇಡ್ಕರ್ ಸಹಾಯಹಸ್ತ ಉಂಟು. ಅದರಲ್ಲಿ ಅಪಘಾತ ಮರಣಕ್ಕೆ 1 ಲಕ್ಷ, ಸಹಜ ಮರಣಕ್ಕೆ 10,000. ಸಣ್ಣ ಮೊತ್ತವೇ ಇರಬಹುದು, ಆದರೂ ಬಿಡಬಾರದು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ, ಹತ್ತಿರದ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ.

ನಮ್ಮ ಜಮಾಅತ್ ಕಮಿಟಿಗಳಿಗೆ ಒಂದು ಮಾತು. ಪ್ರತಿ ಮನೆಯ ಲೆಕ್ಕ ನಿಮ್ಮಲ್ಲಿ ಉಂಟು. ಯಾರ ಮನೆಯಲ್ಲಿ ಯಾರು ಎಂತ ಕೆಲಸಕ್ಕೆ ಹೋಗ್ತಾರೆ ಎಂದು ಸರಕಾರಕ್ಕಿಂತ ಚೆನ್ನಾಗಿ ನಿಮಗೆ ಗೊತ್ತು. ಒಂದು ರವಿವಾರ ಎರಡು ಹುಡುಗರನ್ನು ಲ್ಯಾಪ್‌ಟಾಪ್ ಜೊತೆ ಕೂರಿಸಿ. ಅಕ್ಕಪಕ್ಕದ ಹಿಂದೂ, ಕ್ರೈಸ್ತ ಡ್ರೈವರುಗಳನ್ನೂ ಕರೆಯಿರಿ. ಒಂದೇ ಬಸ್ಸಿನಲ್ಲಿ ದುಡಿಯುವವರಿಗೆ ಅಪಾಯವೂ ಒಂದೇ. ಹೆಂಗಸರ ಹೆಸರು ಬರೆಸುವುದನ್ನು ಮರೆಯಬೇಡಿ. ಮನೆಯಲ್ಲಿ ಹೊಲಿಗೆ ಹೊಲಿಯುವವರೂ ಕಾರ್ಮಿಕರೇ.

ಚಂದಾ ಎತ್ತುವುದನ್ನು ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಚಂದಾದ ಹಣ ಬರುವುದು ಒಂದು ಸಲ, ಅದೂ ಸತ್ತ ಮೇಲೆ. ಅದನ್ನು ತೆಗೆದುಕೊಂಡ ಮಕ್ಕಳು ಜೀವನವಿಡೀ ತಲೆತಗ್ಗಿಸಿ ನಡೆಯುತ್ತಾರೆ. ಬಾಪ ದುಡಿದ ಹಕ್ಕಿನ ಹಣವಾದರೆ ಆ ಮಕ್ಕಳು ತಲೆ ಎತ್ತಿ ಶಾಲೆಗೆ ಹೋಗಬಹುದು. ಮುಂದಿನ ಸಲ ಗ್ರೂಪಿನಲ್ಲಿ ಸಂದೇಶ ಬರುವ ಮೊದಲು ನಮ್ಮ ಮನೆಯಲ್ಲಿ ಲಾರಿ, ಬಸ್ಸು, ಬೈಕ್ ಹತ್ತಿ ಹೋಗುವವರ ಹೆಸರು ಬರೆಸಿಯಾಗಿದೆಯಾ ಎಂದು ಇವತ್ತೇ ಕೇಳೋಣ.