ಓಟದ ಹೆಸರೂ ಓಟದ ಅಳತೆಯೂ

ಪರೋಪಕಾರಾರ್ಥವಾಗಿ ಹೆಂಗಸರು ಮಾತ್ರವೇ ಸೇರಿ ಓಡುವ ಓಟಗಳ ವಿಷಯದಲ್ಲಿ ಈಗ ಎರಡು ಬಗೆಯ ವಾದಗಳು ಕೇಳಿಬರುತ್ತಿರುವುವು. ಗಂಡಸರನ್ನು ಹೊರಗಿಟ್ಟು ಓಡುವುದು ನ್ಯಾಯವೆ ಎಂಬುದು ಒಂದು. ನಾಲ್ಕೈದು ಕಿಲೋಮೀಟರು ಓಡಿ ಅದಕ್ಕೆ ‘ಮ್ಯಾರಥಾನ್’ ಎಂದು ಹೆಸರಿಡುವುದು ಸರಿಯೆ ಎಂಬುದು ಇನ್ನೊಂದು. ಬೆಂಗಳೂರು ನಗರವು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಹೊಸ್ತಿಲವರೆಗೂ ಬೆಳೆದು ಬಂದಿರುವ ಈ ಕಾಲದಲ್ಲಿ ನಗರದ ಓಟದ ಕರೆಯೋಲೆಯು ನಮ್ಮ ತಾಲ್ಲೂಕುಗಳ ಹೆಣ್ಣುಮಕ್ಕಳ ಕೈಗೂ ಬಂದು ಸೇರುವುದು ಸಹಜವೇ. ಮಗಳು ‘ನಾನು ಮ್ಯಾರಥಾನ್ ಓಡಿ ಬಂದೆ’ ಎನ್ನುವಳು. ಅಣ್ಣನಾದವನು ‘ಐದು ಕಿಲೋಮೀಟರು ಓಡಿದರೆ ಮ್ಯಾರಥಾನ್ ಆಗುವುದೆ?’ ಎಂದು ನಗುವನು. ಮನೆಯ ಹಿರಿಯರು ‘ಅದಿರಲಿ, ಓಡುವುದಾದರೂ ಏತಕ್ಕೆ?’ ಎಂದು ಕೇಳುವರು. ಮೂವರ ಮಾತನ್ನೂ ತಾಳ್ಮೆಯಿಂದ ತೂಗಿನೋಡುವುದು ಯುಕ್ತವೆಂದು ತೋರಿದುದರಿಂದ ಈ ತಿಂಗಳು ಇದನ್ನೇ ವಿಚಾರಕ್ಕೆ ತೆಗೆದುಕೊಂಡಿರುವೆವು.

ಮೊದಲು ಶಬ್ದವನ್ನು ನೋಡೋಣ. ಮ್ಯಾರಥಾನ್ ಎಂಬುದು ಮೂಲದಲ್ಲಿ ಓಟದ ಹೆಸರಲ್ಲ. ಗ್ರೀಸ್ ದೇಶದ ಒಂದು ಬಯಲಿನ ಹೆಸರು. ನಾವು ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಬಡೇಸೋಪಿಗೆ ಗ್ರೀಕರ ಭಾಷೆಯಲ್ಲಿ ಇರುವ ಹೆಸರೇ ಆ ಸ್ಥಳಕ್ಕೆ ಬಂದಿತೆಂದು ಹೇಳುವರು. ಕ್ರಿಸ್ತಪೂರ್ವ ೪೯೦ರಲ್ಲಿ ಅಥೆನ್ಸಿನವರು ಅಲ್ಲಿ ಪಾರಸಿಕರ ಸೈನ್ಯವನ್ನು ಸೋಲಿಸಿದರು. ಜಯವಾರ್ತೆಯನ್ನು ಹೊತ್ತು ಒಬ್ಬ ದೂತನು ಅಥೆನ್ಸಿಗೆ ಓಡಿಬಂದು, ವಾರ್ತೆಯನ್ನು ಹೇಳಿ, ಅಲ್ಲಿಯೇ ಪ್ರಾಣಬಿಟ್ಟನೆಂಬ ಕಥೆಯು ಪ್ರಸಿದ್ಧವಾಗಿದೆ. ಆದರೆ ಆ ಯುದ್ಧಕ್ಕೆ ಸಮೀಪಕಾಲದವನಾದ ಇತಿಹಾಸಕಾರ ಹೆರೊಡೋಟಸನು ಹೇಳುವುದು ಬೇರೊಂದು ಓಟವನ್ನು: ಫಿಡಿಪ್ಪಿಡೀಸನೆಂಬ ಓಟಗಾರನು ಯುದ್ಧಕ್ಕೆ ಮುಂಚೆ ನೆರವು ಬೇಡುವುದಕ್ಕಾಗಿ ಸ್ಪಾರ್ಟಾಕ್ಕೆ ಹೋದುದನ್ನು. ಪ್ರಾಣಬಿಟ್ಟ ದೂತನ ಕಥೆಯು ಕಾಣಿಸಿಕೊಳ್ಳುವುದು ಶತಮಾನಗಳ ತರುವಾಯದ ಗ್ರಂಥಗಳಲ್ಲಿ. ೧೮೯೬ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಪಂದ್ಯಗಳು ಹೊಸದಾಗಿ ಆರಂಭವಾದಾಗ ಈ ಕಥೆಯ ನೆನಪಿಗಾಗಿ ಒಂದು ದೀರ್ಘ ಓಟವನ್ನು ಏರ್ಪಡಿಸಬೇಕೆಂದು ಸೂಚಿಸಿದವನು ಫ್ರಾನ್ಸಿನ ಮಿಶೆಲ್ ಬ್ರೆಯಾಲ್. ಇವನು ಮಲ್ಲನೂ ಅಲ್ಲ, ಓಟಗಾರನೂ ಅಲ್ಲ, ಭಾಷಾಶಾಸ್ತ್ರಜ್ಞ. ಸಂಸ್ಕೃತವನ್ನು ಗ್ರೀಕ್ ಮೊದಲಾದ ಭಾಷೆಗಳೊಡನೆ ಹೋಲಿಸಿ ಬಾಪ್ ಪಂಡಿತನು ಬರೆದ ವ್ಯಾಕರಣವನ್ನು ಫ್ರೆಂಚಿಗೆ ತಂದವನು, ಶಬ್ದಗಳ ಅರ್ಥವು ಕಾಲಕಾಲಕ್ಕೆ ಹೇಗೆ ಬದಲಾಗುವುದೆಂಬುದನ್ನು ಶಾಸ್ತ್ರವಾಗಿ ಬೆಳೆಸಿದವನು. ಅವನು ಹುಟ್ಟಿಸಿದ ಶಬ್ದವೇ ಇಂದು ಅರ್ಥಾಂತರದ ವಿವಾದಕ್ಕೆ ಸಿಕ್ಕಿರುವುದು ವಿನೋದವಲ್ಲವೆ!

ಅಳತೆಯಾದರೂ ಮೊದಲಿನಿಂದಲೂ ಒಂದೇ ಆಗಿತ್ತೆ? ಇಲ್ಲ. ೧೮೯೬ರ ಓಟವು ಸುಮಾರು ೪೦ ಕಿಲೋಮೀಟರು. ೧೯೦೮ರಲ್ಲಿ ಲಂಡನ್ನಿನಲ್ಲಿ ವಿಂಡ್ಸರ್ ಅರಮನೆಯ ಬಳಿ ಹೊರಟು ಕ್ರೀಡಾಂಗಣದಲ್ಲಿ ರಾಜಪೀಠದ ಎದುರಿಗೆ ಮುಗಿಯುವಂತೆ ದಾರಿಯನ್ನು ಗೊತ್ತುಮಾಡಿದಾಗ ಅದು ೪೨.೧೯೫ ಕಿಲೋಮೀಟರಾಯಿತು. ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ನಡೆದ ಓಟವು ೪೨.೭೫ ಕಿಲೋಮೀಟರು, ಒಲಿಂಪಿಕ್ ಮ್ಯಾರಥಾನ್‌ಗಳಲ್ಲೆಲ್ಲ ಅದೇ ಉದ್ದವಾದದ್ದು. ಆ ಓಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಭಾರತದ ಪರವಾಗಿ ಓಡಿ, ೨ ಗಂಟೆ ೫೦ ನಿಮಿಷಗಳ ಸುಮಾರಿನಲ್ಲಿ ಮುಗಿಸಿ, ಹತ್ತೊಂಬತ್ತನೆಯವರಾಗಿ ಬಂದರೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯತಕ್ಕದ್ದು. ಅದರ ಮರುವರ್ಷ, ೧೯೨೧ರಲ್ಲಿ, ಅಂತರರಾಷ್ಟ್ರೀಯ ಕ್ರೀಡಾಸಂಘವು ೪೨.೧೯೫ ಕಿಲೋಮೀಟರನ್ನೇ ಸ್ಥಿರಪಡಿಸಿತು. ಅಂದಿನಿಂದ ಇಂದಿನವರೆಗೆ ಅಳತೆಯು ಅಲುಗಿಲ್ಲ. ನಮ್ಮ ಕಡೆಯ ದಾರಿಗಳಲ್ಲಿ ಹೇಳುವುದಾದರೆ, ಬೆಂಗಳೂರಿನಿಂದ ದೇವನಹಳ್ಳಿಗೆ ಸುಮಾರು ೪೦ ಕಿಲೋಮೀಟರು. ಅಲ್ಲಿಗೆ ಓಡಿ ತಲುಪಿದವನು ಕೋಟೆಯನ್ನು ದಾಟಿ ಇನ್ನೂ ಸ್ವಲ್ಪ ದೂರ ಓಡಿದರೆ ಮ್ಯಾರಥಾನ್. ಅರ್ಧ ಮ್ಯಾರಥಾನ್ ಓಡಿದವನು ಹೊಸಕೋಟೆಯನ್ನಾಗಲಿ ನೆಲಮಂಗಲವನ್ನಾಗಲಿ ಇನ್ನೂ ಮುಟ್ಟಿರುವುದಿಲ್ಲ. ಐದು ಕಿಲೋಮೀಟರೆಂದರೆ ಒಂದು ಹಳ್ಳಿಯಿಂದ ಮಗ್ಗುಲ ಹಳ್ಳಿಯ ದಾರಿ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಶಬ್ದಗಳ ಅರ್ಥವು ವಿಸ್ತಾರವಾಗುವುದು ಲೋಕಸಹಜವಲ್ಲವೆ? ತಿಲದಿಂದ ಬಂದದ್ದು ತೈಲ. ಆದರೂ ಸಾಸುವೆಯ ಎಣ್ಣೆಯನ್ನೂ ತೈಲವೆನ್ನುವೆವು. ವೀಣೆಯಲ್ಲಿ ನಿಪುಣನು ಪ್ರವೀಣ. ಆದರೆ ವೀಣೆಯನ್ನು ಕಂಡೇ ಇಲ್ಲದವನೂ ಲೆಕ್ಕದಲ್ಲಿ ಪ್ರವೀಣನಾಗುವನು. ಯೋಗಾರ್ಥವನ್ನು ರೂಢಿಯು ನುಂಗುವುದೆಂದು ನಮ್ಮ ಶಾಸ್ತ್ರಕಾರರೇ ಒಪ್ಪಿರುವರು. ಹಾಗಿರುವಲ್ಲಿ ಮ್ಯಾರಥಾನ್ ಶಬ್ದದ ಬಾಲವನ್ನು ಕತ್ತರಿಸಿ, ನಡೆದರೆ ‘ವಾಕಥಾನ್’ ಎಂದೂ ಗುಲಾಬಿಯ ಬಣ್ಣಕ್ಕೆ ಸೇರಿಸಿ ‘ಪಿಂಕಥಾನ್’ ಎಂದೂ ಹೊಸ ಮಾತುಗಳನ್ನು ಕಟ್ಟಿದರೆ ದೋಷವೇನು? ದೋಷವಿಲ್ಲ. ‘ಥಾನ್’ ಎಂಬ ಬಾಲಕ್ಕೆ ಗ್ರೀಕ್ ಭಾಷೆಯಲ್ಲಿ ಓಟವೆಂಬ ಅರ್ಥ ಇಲ್ಲದಿದ್ದರೂ ರೂಢಿಯು ಅದಕ್ಕೆ ‘ಬಹುಜನರು ಕೂಡಿ ಮಾಡುವ ಉದ್ಯಮ’ ಎಂಬ ಅರ್ಥವನ್ನು ಕೊಟ್ಟಿದೆ. ಕೊಟ್ಟದ್ದನ್ನು ಹಿಂದಕ್ಕೆ ಕಿತ್ತುಕೊಳ್ಳುವುದು ವೈಯಾಕರಣನ ಕೈಯಲ್ಲಿಲ್ಲ.

ಆದರೆ ಒಂದು ಭೇದವನ್ನು ಮರೆಯಬಾರದು. ಪ್ರವೀಣ ಎಂಬುದು ಗುಣವಾಚಕ. ಸೇರು ಎಂಬುದು ಮಾನವಾಚಕ. ಗುಣವಾಚಕವು ಹಿಗ್ಗಿದರೆ ಭಾಷೆಗೆ ಶೋಭೆ. ಮಾನವಾಚಕವು ಹಿಗ್ಗಿದರೆ ಕೊಳ್ಳುವವನಿಗೆ ನಷ್ಟ. ಪಾವು ಅಕ್ಕಿಯನ್ನು ಅಳೆದು ‘ಇದೂ ಒಂದು ಬಗೆಯ ಸೇರೇ’ ಎಂದು ಅಂಗಡಿಯವನು ಹೇಳಿದರೆ ಯಾವ ಗೃಹಿಣಿಯು ಒಪ್ಪುವಳು? ಮ್ಯಾರಥಾನ್ ಎಂಬ ಶಬ್ದವು ಊರಿನ ಹೆಸರಾಗಿ ಹುಟ್ಟಿ, ಕಥೆಯಾಗಿ ಬೆಳೆದು, ೧೯೨೧ರಿಂದ ಮಾನವಾಚಕವಾಗಿ ನಿಂತಿದೆ. ಆದುದರಿಂದ ‘ಪಿಂಕಥಾನ್’ ಎಂದರೆ ನಮ್ಮ ಆಕ್ಷೇಪಣೆಯಿಲ್ಲ. ಐದು ಕಿಲೋಮೀಟರನ್ನು ‘ಮಹಿಳಾ ಮ್ಯಾರಥಾನ್’ ಎಂದರೆ ಆಕ್ಷೇಪಣೆಯುಂಟು.

ಈ ಆಕ್ಷೇಪಣೆಯನ್ನು ನಾವು ಹೆಂಗಸರಿಗೆ ವಿರೋಧವಾಗಿ ಹೇಳುತ್ತಿಲ್ಲ, ಅವರ ಪರವಾಗಿಯೇ ಹೇಳುತ್ತಿರುವೆವು. ಹೇಗೆಂದರೆ, ‘ಹೆಂಗಸರ ಮ್ಯಾರಥಾನ್ ಎಂದರೆ ಚಿಕ್ಕ ಮ್ಯಾರಥಾನ್’ ಎಂಬ ಭಾವನೆಯೇ ಅವರನ್ನು ಎಂಬತ್ತೆಂಟು ವರ್ಷಗಳ ಕಾಲ ಬಾಗಿಲ ಹೊರಗೆ ನಿಲ್ಲಿಸಿತ್ತು. ೧೮೯೬ರಲ್ಲಿಯೇ ಸ್ಟಮಾಟಾ ರೆವಿಥಿ ಎಂಬ ಬಡ ತಾಯಿಯೊಬ್ಬಳು ಓಡಲು ಬಂದಳು; ಅವಳನ್ನು ಸೇರಿಸಲಿಲ್ಲ. ಗಂಡಸರ ಓಟದ ಮರುದಿನ ಅವಳು ಒಬ್ಬಳೇ ಅದೇ ದಾರಿಯನ್ನು ಸುಮಾರು ಐದೂವರೆ ಗಂಟೆಗಳಲ್ಲಿ ಓಡಿ ಮುಗಿಸಿದಳು, ಕ್ರೀಡಾಂಗಣದೊಳಕ್ಕೆ ಬಿಡಲಿಲ್ಲ. ೧೯೨೮ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೆಂಗಸರು ೮೦೦ ಮೀಟರು ಓಡಿದಾಗ, ಅವರು ಬಳಲಿ ಬಿದ್ದರೆಂದು ಪತ್ರಿಕೆಗಳು ಅತಿಯಾಗಿ ಬರೆದುವು. ಆ ಓಟವನ್ನೇ ತೆಗೆದುಹಾಕಿ ೧೯೬೦ರವರೆಗೂ ಹಿಂದಕ್ಕೆ ತರಲಿಲ್ಲ. ೧೯೬೬ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬಾಬಿ ಗಿಬ್ ಎಂಬಾಕೆ ಪೊದೆಯ ಮರೆಯಲ್ಲಿ ಕಾದಿದ್ದು ಓಟದ ಗುಂಪನ್ನು ಸೇರಿಕೊಂಡಳು. ಮರುವರ್ಷ ಕ್ಯಾಥರಿನ್ ಸ್ವಿಟ್ಜರ್ ಎಂಬಾಕೆ ಹೆಸರಿನ ಮೊದಲಕ್ಷರಗಳನ್ನು ಮಾತ್ರ ಬರೆದು ಸಂಖ್ಯೆಯನ್ನು ಪಡೆದು ಓಡುತ್ತಿರಲು, ಅಧಿಕಾರಿಯೊಬ್ಬನು ಹಿಂದಿನಿಂದ ಬಂದು ಆ ಸಂಖ್ಯೆಯನ್ನು ಕಿತ್ತುಕೊಳ್ಳಲು ನೋಡಿದನು. ಆಕೆ ಓಟವನ್ನು ಮುಗಿಸಿಯೇ ಬಿಟ್ಟಳು. ಬಾಸ್ಟನ್ನಿನವರು ಹೆಂಗಸರನ್ನು ವಿಧಿವತ್ತಾಗಿ ಸೇರಿಸಿಕೊಂಡದ್ದು ೧೯೭೨ರಲ್ಲಿ. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಮೊದಲಾದದ್ದು ೧೯೮೪ರಲ್ಲಿ. ಅಂದು ಗೆದ್ದ ಜೋನ್ ಬೆನೊಯಿಟ್ ಓಡಿದ್ದು ಗಂಡಸರಷ್ಟೇ ದೂರ, ೪೨.೧೯೫ ಕಿಲೋಮೀಟರು, ಹಿಡಿದ ಕಾಲ ೨ ಗಂಟೆ ೨೪ ನಿಮಿಷ ೫೨ ಸೆಕೆಂಡು. ೧೮೯೬ರಲ್ಲಿ ಗೆದ್ದ ಸ್ಪಿರಿಡಾನ್ ಲೂಯಿಸನು ಇದಕ್ಕಿಂತ ಕಡಿಮೆ ದೂರಕ್ಕೆ ಅರ್ಧ ಗಂಟೆಗೂ ಹೆಚ್ಚು ಕಾಲವನ್ನು ತೆಗೆದುಕೊಂಡಿದ್ದನು. ಇಷ್ಟು ಕಷ್ಟದಿಂದ ಪೂರ್ಣವಾಗಿ ಸಂಪಾದಿಸಿದ ಅಳತೆಯನ್ನು ನಾವೇ ಹೆಣ್ಣುಮಕ್ಕಳಿಗಾಗಿ ಕತ್ತರಿಸಿ ಕೊಡುವುದು ಉಪಕಾರವೆ?

ಇನ್ನು ಹೆಂಗಸರು ಮಾತ್ರವೇ ಸೇರುವ ವಿಚಾರ. ಮೇಲೆ ಹೇಳಿದ ಬಾಗಿಲನ್ನು ತೆರೆಯಿಸಿದುದರಲ್ಲಿ ಹೆಂಗಸರ ಪ್ರತ್ಯೇಕ ಓಟಗಳ ಪಾಲು ದೊಡ್ಡದು. ೧೯೭೮ರಲ್ಲಿ ಅಟ್ಲಾಂಟಾದಲ್ಲಿ, ೧೯೭೯ರಲ್ಲಿ ಟೋಕಿಯೋದಲ್ಲಿ, ೧೯೮೦ರಲ್ಲಿ ಲಂಡನ್ನಿನಲ್ಲಿ ಹೆಂಗಸರಿಗಾಗಿಯೇ ಪೂರ್ಣ ಮ್ಯಾರಥಾನ್‌ಗಳು ನಡೆದುವು. ನಾನಾ ದೇಶಗಳ ಸ್ತ್ರೀಯರು ಓಡಿ ತೋರಿಸಿದ ಮೇಲೆ ೧೯೮೧ರಲ್ಲಿ ಒಲಿಂಪಿಕ್ ಸಮಿತಿಯು ಒಪ್ಪಿತು. ಪ್ರತ್ಯೇಕವಾಗಿ ಕೂಡಿದುದು ಪ್ರತ್ಯೇಕವಾಗಿಯೇ ಉಳಿಯುವುದಕ್ಕಲ್ಲ, ಎಲ್ಲರ ನಡುವೆ ಸ್ಥಾನವನ್ನು ಪಡೆಯುವುದಕ್ಕೆ. ಇಂಗ್ಲೆಂಡಿನಲ್ಲಿ ಕ್ಯಾನ್ಸರ್ ಸಂಶೋಧನೆಯ ಸಹಾಯಾರ್ಥವಾಗಿ ೧೯೯೪ರಲ್ಲಿ ‘ರೇಸ್ ಫಾರ್ ಲೈಫ್’ ಎಂಬ ಐದು ಕಿಲೋಮೀಟರ ಓಟವನ್ನು ಹೆಂಗಸರಿಗಾಗಿಯೇ ಆರಂಭಿಸಿದರು. ರೋಗಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲದಿರುವಲ್ಲಿ ಓಟಕ್ಕೇಕೆ ಎಂಬ ವಾದವು ಬೆಳೆದುಬಂದು, ೨೦೧೯ರಲ್ಲಿ ಅದನ್ನು ಎಲ್ಲರಿಗೂ ತೆರೆದರು. ಎರಡು ನಿರ್ಣಯಗಳೂ ತಮ್ಮ ತಮ್ಮ ಕಾಲಕ್ಕೆ ಉಚಿತವಾದುವೆಂದೇ ನಮ್ಮ ಮತ.

ನಮ್ಮ ದೇಶದಲ್ಲಿ ೨೦೧೨ರಲ್ಲಿ ಮಿಲಿಂದ್ ಸೋಮನ್, ರೀಮಾ ಸಾಂಘವಿ ಇವರು ಮುಂಬಯಿಯಲ್ಲಿ ಆರಂಭಿಸಿದ ಪಿಂಕಥಾನ್ ಬೆಂಗಳೂರಿಗೂ ಬಂದಿತು. ಸ್ತನದ ಕ್ಯಾನ್ಸರಿನ ವಿಷಯದಲ್ಲಿ ತಿಳಿವಳಿಕೆಯನ್ನು ಹರಡುವುದು ಅದರ ಉದ್ದೇಶ. ೩, ೫, ೧೦, ೨೧ ಕಿಲೋಮೀಟರುಗಳೆಂಬ ತರಗತಿಗಳಲ್ಲಿ ಹೆಂಗಸರು ಓಡಿದರು, ಸೀರೆಯುಟ್ಟು ಓಡಿದವರೂ ಉಂಟು. ಇಂಥ ಕೂಟದ ಪ್ರಯೋಜನವು ನಗರದವರಿಗಿಂತ ನಮ್ಮ ಕಡೆಯವರಿಗೆ ಚೆನ್ನಾಗಿ ತಿಳಿಯುವುದು. ಶಿವಗಂಗೆಯ ಬೆಟ್ಟವನ್ನು ಹತ್ತುವ, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು ನಡೆಯುವ, ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ದಿನವೆಲ್ಲ ದುಡಿಯುವ ಹೆಂಗಸರಿಗೆ ಕಾಲಿನಲ್ಲಿ ಶಕ್ತಿಯಿಲ್ಲವೆಂದು ಯಾರು ಹೇಳುವರು? ಅವರಿಗೆ ಇಲ್ಲದಿರುವುದು ಬಿಡುವು. ಮತ್ತು ಬೀದಿಯಲ್ಲಿ ಓಡಿದರೆ ಯಾರೂ ನಗುವುದಿಲ್ಲವೆಂಬ ಧೈರ್ಯ. ಸಾವಿರ ಜನ ಸೋದರಿಯರು ಒಟ್ಟಿಗೆ ಓಡುವಾಗ ನಗುವವನ ಬಾಯಿ ತಾನಾಗಿಯೇ ಮುಚ್ಚುವುದು. ಆದುದರಿಂದ ಹೆಂಗಸರ ಓಟವು ಗೋಡೆಯಲ್ಲ, ಹೊಸ್ತಿಲು. ಹೊಸ್ತಿಲಿನ ಕೆಲಸವು ದಾಟಿಸುವುದು. ಅದರ ಮೇಲೆಯೇ ನಿಲ್ಲಿಸುವುದಲ್ಲ.

‘ಓಡುವುದೇತಕ್ಕೆ?’ ಎಂಬ ಹಿರಿಯರಿಗೂ ಉತ್ತರವನ್ನು ಹೇಳಬೇಕು. ಭಾರತದ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರು ಸ್ತನದ ಕ್ಯಾನ್ಸರು. ಬೇಗ ಕಂಡುಹಿಡಿದರೆ ಗುಣವಾಗುವ ಸಂಭವ ಹೆಚ್ಚು. ನಾಚಿಕೆಯಿಂದ ಮುಚ್ಚಿಟ್ಟುಕೊಂಡರೆ ಕಡಿಮೆ. ತಾಯಿ ಮಗಳಿಗೆ ಹೇಳಲಾರದ, ಹೆಂಡತಿ ಗಂಡನಿಗೆ ಹೇಳಲಾರದ ಮಾತನ್ನು ಬೀದಿಯಲ್ಲಿ ಬಟ್ಟೆಯ ಮೇಲೆ ಬರೆದುಕೊಂಡು ಓಡಿದರೆ, ಮನೆಯೊಳಗೆ ಅದನ್ನು ಆಡುವುದು ಸುಲಭವಾಗುವುದು. ಎದೆಯಲ್ಲಿ ಗಂಟು ಕಂಡವಳು ಮರೆಮಾಡದೆ ತಾಲ್ಲೂಕಿನ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಕಾಲದಲ್ಲಿ ಹೋದಳಾದರೆ, ಅವಳು ಓಡಿದ್ದು ಮೂರೇ ಕಿಲೋಮೀಟರಾದರೂ ಅದು ಸಾರ್ಥಕವಾದ ಓಟ. ಆ ಓಟದ ಬೆಲೆಯನ್ನು ಹೆಚ್ಚಿಸುವುದಕ್ಕೆ ಗ್ರೀಕರ ಹೆಸರನ್ನು ಎರವಲು ತರಬೇಕಾಗಿಲ್ಲ.

ಆದುದರಿಂದ ಓಟವನ್ನು ಏರ್ಪಡಿಸುವವರಿಗೆ ನಮ್ಮ ಸೂಚನೆಗಳು ಮೂರು. ಮೊದಲನೆಯದು, ದೂರವನ್ನು ಕರೆಯೋಲೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ ೨೦೦೮ರಲ್ಲಿ ಮೊದಲಾದ ದೊಡ್ಡ ಓಟವೊಂದು ‘ವರ್ಲ್ಡ್ ೧೦ಕೆ’ ಎಂದು ತನ್ನ ಅಳತೆಯನ್ನೇ ಹೆಸರಾಗಿ ಇಟ್ಟುಕೊಂಡಿತು. ಧರ್ಮಕಾರ್ಯಗಳಿಗೆ ಅಲ್ಲಿಯೂ ಹಣ ಕೂಡಿತು, ಮರ್ಯಾದೆಗೇನೂ ಕುಂದು ಬರಲಿಲ್ಲ. ಎರಡನೆಯದು, ಕೂಡಿದ ಹಣದಲ್ಲಿ ಅಂಗಿಗೂ ಪದಕಕ್ಕೂ ಚಪ್ಪರಕ್ಕೂ ಹೋದುದೆಷ್ಟು, ರೋಗಿಗೆ ತಲುಪಿದುದೆಷ್ಟು ಎಂಬ ಲೆಕ್ಕವನ್ನು ಓಡಿದವರಿಗೆ ತೋರಿಸಿರಿ. ಪಾತ್ರವನ್ನು ಮುಟ್ಟದ ದಾನವು ದಾನವಲ್ಲ. ಮೂರನೆಯದು, ಈ ವರ್ಷ ಮೂರು ಕಿಲೋಮೀಟರು ಓಡಿದವಳಿಗೆ ಮುಂದಿನ ವರ್ಷ ಹತ್ತರ ದಾರಿಯನ್ನು ತೋರಿಸಿರಿ. ಮನಸ್ಸುಳ್ಳವಳು ಒಂದು ದಿನ ನಲವತ್ತೆರಡನ್ನೂ ಓಡಲಿ.

ಮನೆಯವರಿಗೂ ಒಂದು ಮಾತು. ‘ನಾನು ಐದು ಕಿಲೋಮೀಟರು ಓಡಿದೆ’ ಎಂದು ಮಗಳು ಉಳ್ಳದ್ದನ್ನು ಉಳ್ಳಂತೆ ಹೇಳುವುದನ್ನು ಕಲಿಯಲಿ. ಅದರಲ್ಲಿ ಅವಮಾನವೇನೂ ಇಲ್ಲ. ನಗುವ ಅಣ್ಣನು ಮೊದಲು ತಾನು ಐದು ಕಿಲೋಮೀಟರು ಓಡಿ, ಆಮೇಲೆ ಉಸಿರು ಮಿಕ್ಕಿದ್ದರೆ ನಗಲಿ. ‘ಹೆಂಗಸರ ಓಟದಲ್ಲಿ ಗಂಡಸರಾದ ನಮಗೆ ಕೆಲಸವೇನು?’ ಎಂದು ಬೇಸರಪಡುವವರಿಗೆ ಕೆಲಸವು ಮನೆಯಲ್ಲಿಯೇ ಇದೆ: ಆ ದಿನ ಬೆಳಗಿನ ಒಲೆಯನ್ನು ಅವರು ಹೊತ್ತಿಸಲಿ, ಮಕ್ಕಳಿಗೆ ತಿಂಡಿಯನ್ನು ಕೊಡಲಿ, ಓಡಿಬಂದವಳ ಕೈಗೆ ಒಂದು ಲೋಟ ಬಿಸಿ ಕಾಫಿಯನ್ನು ಇಡಲಿ.